ಮುಚ್ಚಳದ ಮೇಲೆ ಸುಳ್ಳು ಕೇಸು

ಕಾರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡ ದಿನ ನನಗೆ ಒಳಗೊಳಗೇ ಖುಷಿಯಾಯಿತು. ಕಾರಿನ ದೋಷಗಳ ಕೋಡ್ ಓದುವ ಸ್ಕ್ಯಾನರ್ ಕೊಂಡು ಆರು ತಿಂಗಳಾಗಿತ್ತು. ಪಾಪ, ಅದಕ್ಕೆ ಒಂದು ರೋಗಿಯೂ ಸಿಕ್ಕಿರಲಿಲ್ಲ.

ಕಾರಿಗೆ ಚುಚ್ಚಿದೆ. ಪಿ0455 ಅಂತ ಕೋಡ್ ಬಂತು. ಪೆಟ್ರೋಲ್ ಆವಿ ಹಿಡಿದಿಡುವ ವ್ಯವಸ್ಥೆಯಲ್ಲಿ ದೊಡ್ಡ ಸೋರಿಕೆ. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಇದ್ದಿಲು ತುಂಬಿದ ಒಂದು ಡಬ್ಬಿ ಹೀರಿಕೊಂಡು ಕೂತಿರುತ್ತದೆ. ಇಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನೂ ಇಂಜಿನ್ನಿಗೇ ಉಣಿಸುತ್ತದೆ. ತಟ್ಟೆಯಲ್ಲಿ ಅಗಳೂ ಬಿಡದ ಅಜ್ಜಿಯರ ಲೆಕ್ಕ.

ಬಲ್ಲವರೆಲ್ಲ ಹೇಳುವುದು, ಮೊದಲು ಪೆಟ್ರೋಲ್ ಮುಚ್ಚಳ ನೋಡು ಅಂತ. ನೋಡಿದೆ. ಅದರ ರಬ್ಬರ್ ರಿಂಗು ನನ್ನ ಕಣ್ಣಿಗೆ ಯಾಕೋ ಕಳ್ಳನ ಹಾಗೆ ಕಂಡಿತು. ಹೊಸ ಮುಚ್ಚಳ ತಂದು ಟಕ್ ಟಕ್ ಅನ್ನುವವರೆಗೂ ತಿರುಗಿಸಿ, ಕೋಡ್ ಅಳಿಸಿದೆ. ದೀಪ ಆರಿತು. ಮನೆಯಲ್ಲಿ ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೂರನೇ ದಿನ ದೀಪ ವಾಪಸ್. ಈ ಕೋಡು ಸಾಮಾನ್ಯವಾಗಿ ಕಾರು ತಾನೇ ನಡೆಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಮೇಲೇ ದೀಪ ಹತ್ತಿಸುವುದಂತೆ. ಅಂದರೆ ನಾನು ಎದೆ ಉಬ್ಬಿಸಿದ್ದು ಎರಡು ಪರೀಕ್ಷೆಗಳ ನಡುವಿನ ರಜೆಯಲ್ಲಿ.

ಆಮೇಲೆ ಕಾರಿನ ಕೆಳಗೆ ತೂರಿಕೊಂಡೆ. ಪೈಪುಗಳನ್ನು ಒಂದೊಂದಾಗಿ ಹಿಚುಕಿದೆ, ಮೂಸಿದೆ. ಎಲ್ಲವೂ ಪೆಟ್ರೋಲ್ ವಾಸನೆಯೇ ಅನಿಸತೊಡಗಿತು. ಕೊನೆಗೆ ಊಟದ ತಟ್ಟೆಯೂ.

"ರೀ, ಪೆಟ್ರೋಲ್ ಹಾಕಿಸಿದ ತಕ್ಷಣವೇ ಇದು ಸ್ಟಾರ್ಟ್ ಆಗೋಕೆ ಯಾಕೆ ಒದ್ದಾಡುತ್ತೆ?" ಅಂದಳು ಹೆಂಡತಿ.

"ಅದು ಬೇರೆ ವಿಷಯ ಕಣೇ," ಅಂದೆ. ಸೋರಿಕೆ ಹುಡುಕುವವನಿಗೆ ಸ್ಟಾರ್ಟಿಂಗ್ ಕಥೆ ಯಾಕೆ, ಅಲ್ವಾ?

ಅದೇ ವಿಷಯ. ಪರ್ಜ್ ವಾಲ್ವ್ ಬಾಯಿ ಮುಚ್ಚದೆ ಇದ್ದರೆ ಕಾರಿನ ಲೆಕ್ಕದಲ್ಲಿ ಅದೂ ಸೋರಿಕೆಯೇ. ಮೇಲಾಗಿ, ಟ್ಯಾಂಕ್ ತುಂಬಿಸುವಾಗ ಏಳುವ ಆವಿಯೆಲ್ಲ ನೇರ ಇಂಜಿನ್ನಿಗೆ ನುಗ್ಗಿ ಉಸಿರು ಕಟ್ಟಿಸುತ್ತದೆ. ಇದು ಗೊತ್ತಾಗಲು ನನಗೆ ಇನ್ನೊಂದು ವಾರ ಬೇಕಾಯಿತು. ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಡಬ್ಬಿಯ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಬಿಚ್ಚಿ, ಆ ಬಾಯಿಗೆ ಬೆರಳಿಟ್ಟೆ. ಆ ಹೊತ್ತಿನಲ್ಲಿ ಅದು ಮುಚ್ಚಿರಬೇಕು. ಬದಲಿಗೆ ನನ್ನ ಬೆರಳನ್ನೇ ಸೊರ್ರನೆ ಎಳೆದುಕೊಂಡಿತು. ಕಳ್ಳನೇ ಪೊಲೀಸಿನವನ ಕೈ ಹಿಡಿದ ಹಾಗೆ.

ವಾಲ್ವ್ ಬದಲಾಯಿಸಿದ್ದು ಹತ್ತು ನಿಮಿಷದ ಕೆಲಸ. ಅಮಾನತಿನಲ್ಲಿದ್ದ ಹಳೇ ಮುಚ್ಚಳವನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಹೊಸದು ಡಿಕ್ಕಿಯಲ್ಲಿ ಬಿದ್ದಿದೆ.

ಆದರೂ ಕೇಸು ಇನ್ನೂ ಮುಗಿದಿಲ್ಲ. ಕೋಡ್ ಅಳಿಸಿದ ಮೇಲೆ ಕಾರು ತನ್ನನ್ನು ತಾನೇ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಅದಕ್ಕೆ ಟ್ಯಾಂಕ್ ತೀರಾ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ನಿನ್ನೆ ಹೆಂಡತಿ ಫುಲ್ ಟ್ಯಾಂಕ್ ಹಾಕಿಸೋಣ ಅಂದಳು.

"ಬೇಡ, ಪರೀಕ್ಷೆ ಇದೆ."

"ಯಾರಿಗೆ?"

"ಕಾರಿಗೆ."

ಅವಳು ಏನೂ ಮಾತಾಡಲಿಲ್ಲ. ಸುಮ್ನೆ ನನ್ನ ಹಣೆ ಮುಟ್ಟಿ ನೋಡಿದಳು.