ಭಯ ಹೋದಮೇಲೆ ಮಾತಾಡ್ತೀನಿ ಅನ್ನುವವರಿಗೆ

"ಧೈರ್ಯವಾಗಿ ಮಾತಾಡು, ಏನೂ ಆಗಲ್ಲ." ವೇದಿಕೆ ಹತ್ತಲು ಹೆದರುವವರಿಗೆ ಸಿಗುವ ಉಪದೇಶಗಳಲ್ಲಿ ಇದರಷ್ಟು ಕೆಲಸಕ್ಕೆ ಬಾರದ್ದು ಇನ್ನೊಂದಿಲ್ಲ. ಏನೂ ಆಗಲ್ಲ ಅನ್ನೋದೇ ಸುಳ್ಳು. ಆಗುತ್ತೆ. ಎದೆ ಡವಡವ ಹೊಡೆದುಕೊಳ್ಳುತ್ತೆ, ನಾಲಿಗೆ ಒಣಗುತ್ತೆ, ಕೈಯಲ್ಲಿರುವ ಹಾಳೆ ನಡುಗುವ ಸದ್ದು ಮೈಕಿನಲ್ಲಿ ಕೇಳಿಸುತ್ತೇನೋ ಅನ್ನಿಸುತ್ತೆ. ಇಷ್ಟೆಲ್ಲ ಆಗುತ್ತಿರುವವರ ಹತ್ತಿರ ಹೋಗಿ ಏನೂ ಆಗಲ್ಲ ಅಂದರೆ ಅವರೇನು ನಂಬುತ್ತಾರೆ? ಬೇರೆಯವರಿಗೆಲ್ಲ ಸಲೀಸು, ನನಗೊಬ್ಬನಿಗೇ ಹೀಗೆ ಅಂದುಕೊಂಡು ಇನ್ನಷ್ಟು ಕುಗ್ಗುತ್ತಾರೆ.

ನಾನು ಹೇಳೋದು ಬೇರೆ. ಭಯ ಹೋಗಲಿ ಅಂತ ಕಾಯಬೇಡಿ, ಅದನ್ನು ಜೊತೆಗಿಟ್ಟುಕೊಂಡೇ ಎದ್ದು ನಿಲ್ಲಿ. ಕಡಿಮೆಯಾಗುವುದಿದ್ದರೆ ಮಾತು ಶುರುವಾದ ಮೇಲೆಯೇ. ಪೂರ್ತಿ ಹೋಗಿಬಿಡುತ್ತೆ ಅಂತ ನಾನಂತೂ ಭರವಸೆ ಕೊಡಲಾರೆ. ಮೈಕ್ ಕೈಗೆ ಬರುವ ಮುಂಚೆ ನನ್ನ ಅಂಗೈ ಈಗಲೂ ತಣ್ಣಗಾಗುತ್ತೆ. ಆದರೂ ಮಾತಾಡುತ್ತೇನೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ.

ಸಭಾಕಂಪ ಅನ್ನೋದು ದಡ್ಡತನವೂ ಅಲ್ಲ, ಹೇಡಿತನವೂ ಅಲ್ಲ. ಅಪಾಯ ಎದುರಾಯಿತು ಅಂತ ಮಿದುಳು ತೀರ್ಮಾನಿಸಿದ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತೆ. ಹೃದಯದ ಬಡಿತ ಏರುತ್ತೆ, ಚರ್ಮದ ರಕ್ತನಾಳಗಳು ಬಿಗಿದು ಕೈ ತಣ್ಣಗಾಗುತ್ತೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತೆ. ಓಡಲಿಕ್ಕೋ ಹೊಡೆದಾಡಲಿಕ್ಕೋ ಆಗಿದ್ದರೆ ಈ ಸಿದ್ಧತೆ ಬಹಳ ಚೆನ್ನಾಗಿತ್ತು. ವರದಿ ಓದುವುದಕ್ಕೆ, ವಂದನಾರ್ಪಣೆ ಮಾಡುವುದಕ್ಕೆ ಇದರಿಂದ ಏನು ಉಪಯೋಗ ಅಂತ ಕೇಳಬೇಡಿ.

1993ರಲ್ಲಿ ಜರ್ಮನಿಯ ಟ್ರೀರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಮನುಷ್ಯನಿಗೆ ಬೇಕೆಂದಾಗ ಒತ್ತಡ ಹುಟ್ಟಿಸುವ ನಂಬಿಕಸ್ಥ ವಿಧಾನ ಅವರಿಗೆ ಬೇಕಿತ್ತು. ಆರಿಸಿಕೊಂಡದ್ದು ಯಾವುದನ್ನು ಗೊತ್ತಾ? ಭಾಷಣವನ್ನು. ಸ್ವಲ್ಪ ಹೊತ್ತು ತಯಾರಾಗಲು ಬಿಟ್ಟು, ಆಮೇಲೆ ತೀರ್ಪುಗಾರರ ಮುಂದೆ ಐದು ನಿಮಿಷ ಮಾತಾಡಿಸುವುದು, ಅದರ ಬೆನ್ನಿಗೇ ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡಿಸುವುದು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬಹುಪಾಲು ಜನರಲ್ಲಿ ಏರುತ್ತೆ. ಈ ಪರೀಕ್ಷೆ ಇವತ್ತಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಅದರಲ್ಲಿ ನನ್ನ ಗಮನ ಹಿಡಿದದ್ದು ಭಾಷಣಕ್ಕಿಂತ ಆ ತೀರ್ಪುಗಾರರು. ಅವರು ನಗಬಾರದು, ತಲೆಯಾಡಿಸಬಾರದು, ಮುಖದಲ್ಲಿ ಯಾವ ಭಾವವೂ ಕಾಣಬಾರದು ಅಂತ ಮೊದಲೇ ಹೇಳಿಕೊಟ್ಟಿರುತ್ತಾರೆ. ಮುಂದೆ ಬೇರೆ ಸಂಶೋಧಕರು ಇದಕ್ಕೆ ಸ್ನೇಹದ ರೂಪವೊಂದನ್ನು ಮಾಡಿದರು. ಲೆಕ್ಕ ತೆಗೆದುಹಾಕಿ, ನಗುಮುಖದಿಂದ ತಲೆಯಾಡಿಸುತ್ತಾ ಕೇಳುವವರನ್ನು ಕೂರಿಸಿದರು. ಕಾರ್ಟಿಸಾಲ್ ಹಾಗೆ ಏರಲಿಲ್ಲ. ಅಂದರೆ ನಮ್ಮನ್ನು ಹೆದರಿಸುವುದು ಜನ ಅಲ್ಲ. ಭಾವವಿಲ್ಲದ, ನಮ್ಮನ್ನು ತೂಗಿ ನೋಡುತ್ತಿರುವ ಮುಖಗಳು.

ಹಾಗಾಗಿಯೇ "ಎದುರಿಗೆ ಕೂತವರನ್ನೆಲ್ಲ ಕಲ್ಲುಗಳು ಅಂದ್ಕೋ", "ಯಾರ ಮುಖವನ್ನೂ ನೋಡದೆ ಹಿಂದಿನ ಗೋಡೆ ನೋಡ್ತಾ ಮಾತಾಡು" ಅನ್ನುವ ಸಲಹೆಗಳು ನನಗೆ ಹಿಡಿಸುವುದಿಲ್ಲ. ಟ್ರೀರ್‌ನವರು ಕಷ್ಟಪಟ್ಟು ಕಟ್ಟಿದ ಕೋಣೆಯನ್ನು ನಾವೇ ತಲೆಯೊಳಗೆ ಪುಕ್ಕಟೆ ಕಟ್ಟಿಕೊಂಡಂತೆ ಅದು. ಯಾವ ಸಭೆಯಲ್ಲಾದರೂ ಹುಡುಕಿದರೆ ತಲೆಯಾಡಿಸುವ ಇಬ್ಬರು ಮೂವರು ಇದ್ದೇ ಇರುತ್ತಾರೆ. ಎಡಗಡೆ ಒಬ್ಬರು, ಬಲಗಡೆ ಒಬ್ಬರು, ಹಿಂದೆ ಒಬ್ಬರು. ಅವರಿಗೆ ಹೇಳಿ. ನಡುವೆ ಕೂತವರು ತಮಗೇ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ, ತೊಂದರೆಯಿಲ್ಲ. ಮೊಬೈಲ್ ನೋಡುತ್ತಿರುವವರು ನೋಡಿಕೊಳ್ಳಲಿ ಬಿಡಿ.

ನಡುವೆ ಒಂದು ಮಾತು. ಸಾವಿಗಿಂತ ಭಾಷಣಕ್ಕೇ ಜನ ಹೆಚ್ಚು ಹೆದರುತ್ತಾರೆ ಅನ್ನೋದನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಅದರ ಮೂಲ 1973ರ ಒಂದು ಅಮೆರಿಕನ್ ಸಮೀಕ್ಷೆ. ಅಲ್ಲಿ ಇದ್ದದ್ದು ನಿಮಗೆ ಯಾವ್ಯಾವುದರ ಭಯವಿದೆ ಅನ್ನುವ ಪಟ್ಟಿ. 2012ರಲ್ಲಿ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ಭಯಗಳ ಪಟ್ಟಿಯಲ್ಲಿ ಭಾಷಣವನ್ನು ಗುರುತು ಮಾಡಿದವರೇ ಹೆಚ್ಚು, ಆದರೆ ಎಲ್ಲಕ್ಕಿಂತ ದೊಡ್ಡ ಭಯ ಯಾವುದು ಅಂದಾಗ ಹೆಚ್ಚು ಜನ ಆರಿಸಿದ್ದು ಸಾವನ್ನೇ. ಇಷ್ಟು ವಿವೇಕ ನಮಗಿದೆ.

ಮೋಹನದಾಸ ಗಾಂಧಿ ಅನ್ನುವ ಹೊಸ ಬ್ಯಾರಿಸ್ಟರ್ ಬೊಂಬಾಯಿಯಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಕೇಳಬೇಕಾದ ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು, ಫೀಸನ್ನೂ ವಾಪಸ್ ಕೊಟ್ಟರು. ಅದಕ್ಕೂ ಮೊದಲು ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಅವರು ಬರೆದು ತಂದದ್ದನ್ನು ಬೇರೆಯವರು ಓದಬೇಕಾಯಿತು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ, ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತಾಡಿದರು. ಅದನ್ನೇ ತನ್ನ ಮೊದಲ ಸಾರ್ವಜನಿಕ ಭಾಷಣ ಎನ್ನಬಹುದು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನಡುವೆ ಯಾವ ಭಾಷಣ ತರಬೇತಿಯೂ ಅವರನ್ನು ಬದಲಿಸಿದ್ದಲ್ಲ. ಈ ಸಲ ಎದುರಿಗಿದ್ದವರಿಗೆ ಹೇಳಲೇಬೇಕಾದ ವಿಷಯ ಒಂದಿತ್ತು, ಅದಕ್ಕೆ ತಯಾರಾಗಿಯೂ ಹೋಗಿದ್ದರು. ಹೇಳಲು ಏನಾದರೂ ಇದ್ದಾಗ ಗಮನ ನಮ್ಮ ಮೇಲಿಂದ ವಿಷಯದ ಮೇಲೆ ಹೋಗುತ್ತೆ. ವಿಷಯವೇ ಇಲ್ಲದೆ ಎದ್ದು ನಿಂತವರಿಗೆ ಭಯ ಆದರೆ ಅದು ನ್ಯಾಯವಾದ ಭಯ ಅಂತಲೇ ನನ್ನ ಲೆಕ್ಕ.

ಇನ್ನೊಂದು, ನನಗೆ ತುಂಬಾ ಉಪಯೋಗಕ್ಕೆ ಬಂದದ್ದು. ನಮ್ಮ ಒಳಗಿನ ನಡುಕ ಹೊರಗಿನವರಿಗೆ ನಾವು ಅಂದುಕೊಂಡಷ್ಟು ಕಾಣುವುದಿಲ್ಲ. 2003ರಲ್ಲಿ ಸಾವಿಟ್ಸ್ಕಿ ಮತ್ತು ಗಿಲೋವಿಚ್ ಅನ್ನುವ ಅಮೆರಿಕನ್ ಮನಶ್ಶಾಸ್ತ್ರಜ್ಞರು ಭಾಷಣಕ್ಕೆ ಮುಂಚೆ ಕೆಲವು ವಿದ್ಯಾರ್ಥಿಗಳಿಗೆ ಇಷ್ಟನ್ನೇ ತಿಳಿಸಿ ಹೇಳಿದರು. ಅವರ ಭಾಷಣ ಉಳಿದವರದ್ದಕ್ಕಿಂತ ಚೆನ್ನಾಗಿತ್ತು ಅಂತ ಅವರಿಗೂ ಅನ್ನಿಸಿತು, ಕೇಳಿದವರಿಗೂ ಅನ್ನಿಸಿತು. ನಿಜವಾಗಿ ಕಾಡುವುದು ಮೊದಲ ನಡುಕವಲ್ಲ, 'ಅಯ್ಯೋ, ನಡುಗ್ತಿರೋದು ಎಲ್ಲರಿಗೂ ಗೊತ್ತಾಗ್ತಿದೆ' ಅನ್ನುವ ಎರಡನೆಯದು. ಸಂಶಯವಿದ್ದರೆ ನಿಮ್ಮ ಮಾತನ್ನು ಯಾರಿಂದಲಾದರೂ ವಿಡಿಯೋ ಮಾಡಿಸಿ ನೋಡಿ. ಮುಜುಗರವಾಗುತ್ತೆ, ಒಪ್ಪಿದೆ. ಆದರೆ ಭೂಕಂಪದ ಹಾಗೆ ಅನ್ನಿಸಿದ್ದು ಪರದೆಯ ಮೇಲೆ ಕಾಣಿಸುವುದೇ ಇಲ್ಲ.

ತಯಾರಿ ಬಗ್ಗೆ ಹೇಳುವುದಾದರೆ, ಬಡಿತ ಜೋರಾಗಿರುವುದು ಶುರುವಿನ ಸ್ವಲ್ಪ ಹೊತ್ತು. ಆಮೇಲೆ ತಾನಾಗಿಯೇ ಇಳಿಯುತ್ತೆ. ಆದ್ದರಿಂದ ಮೊದಲ ಮೂರು ನಾಲ್ಕು ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಗಟ್ಟಿ ಮಾಡಿಕೊಳ್ಳಿ. ಇಡೀ ಭಾಷಣ ಬಾಯಿಪಾಠ ಮಾತ್ರ ಬೇಡ, ಒಂದು ಪದ ಕೈಕೊಟ್ಟರೆ ಮುಂದಿನದ್ದೆಲ್ಲ ಮಾಯ. ಉಳಿದದ್ದಕ್ಕೆ ದಪ್ಪ ಅಕ್ಷರದಲ್ಲಿ ಬರೆದ ನಾಲ್ಕೈದು ಅಂಶ ಸಾಕು. ತೆಳು ಹಾಳೆಯ ಬದಲು ದಪ್ಪ ಕಾರ್ಡಿನಲ್ಲಿ ಬರೆದರೆ ನಡುಕವೂ ಅಷ್ಟು ಕಾಣಲ್ಲ. ಅಭ್ಯಾಸ ಮಾಡುವಾಗ ಮನಸ್ಸಿನಲ್ಲೇ ಓದಿಕೊಳ್ಳಬೇಡಿ, ಎದ್ದು ನಿಂತು ಜೋರಾಗಿ ಹೇಳಿ. ಕಣ್ಣು ಓದಿದ್ದು ನಾಲಿಗೆಗೆ ಬರಬೇಕು ಅಂತೇನೂ ಇಲ್ಲ. ನಡುವೆ ಮರೆತುಹೋದರೆ ಕ್ಷಮೆ ಕೇಳುತ್ತಾ ನಿಲ್ಲಬೇಡಿ. ನೀರು ಕುಡಿಯಿರಿ, ಕಾರ್ಡ್ ನೋಡಿ, ಮುಂದಿನ ಅಂಶಕ್ಕೆ ಹೋಗಿ. ಬಿಟ್ಟುಹೋದದ್ದು ಏನಂತ ನಿಮ್ಮೊಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ಮೊದಲ ದಿನವೇ ತುಂಬಿದ ಸಭೆ ಬೇಕಿಲ್ಲ. ಬೇರೆಯವರ ಭಾಷಣ ಮುಗಿದಾಗ ಕೈಯೆತ್ತಿ ಒಂದು ಪ್ರಶ್ನೆ ಕೇಳಿ. ಮೀಟಿಂಗಿನಲ್ಲಿ ಒಂದೇ ಒಂದು ಅಭಿಪ್ರಾಯ ಹೇಳಿ. ಆಮೇಲೆ ಯಾರನ್ನಾದರೂ ಪರಿಚಯಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ತಪ್ಪಿಸಿಕೊಂಡ ಪ್ರತಿ ಸಲವೂ 'ಅಬ್ಬಾ, ಬಚಾವಾದೆ' ಅನ್ನಿಸುತ್ತಲ್ಲ, ಆ ನೆಮ್ಮದಿಯೇ ಭಯವನ್ನು ಬೆಳೆಸುತ್ತೆ. ಮಾತಾಡಬೇಕಾಗುತ್ತೆ ಅಂತ ಕೆಲಸ, ಕಾಲೇಜು, ಬಡ್ತಿಯನ್ನೇ ಬಿಡುವ ಮಟ್ಟಕ್ಕೆ ಹೋಗಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇದಕ್ಕೆ ಚಿಕಿತ್ಸೆ ಇದೆ. ಗೆಳೆಯರು ಹೇಳಿದರು ಅಂತ ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ, ಆಸ್ತಮಾ ಇರುವವರಿಗೆ ಅದು ಅಪಾಯ.

ಕಾರ್ಯಕ್ರಮ ನಡೆಸುವವರಿಗೂ ಒಂದು ವಿನಂತಿ. "ಈಗ ಇವರು ಎರಡು ಮಾತಾಡಬೇಕು" ಅಂತ ಕೂತವರ ಕೈಗೆ ಇದ್ದಕ್ಕಿದ್ದಂತೆ ಮೈಕ್ ಕೊಡುವುದನ್ನು ನಿಲ್ಲಿಸಿ. ಹಿಂದಿನ ದಿನವೇ ಹೇಳಿ, ಎಷ್ಟು ನಿಮಿಷ ಅನ್ನೋದನ್ನೂ ತಿಳಿಸಿ. ಕೇಳಲು ಕೂತಿರುವ ನಾವೂ ಮೊಬೈಲನ್ನು ಜೇಬಿಗೆ ಹಾಕಿ, ಆಗಾಗ ತಲೆಯಾಡಿಸೋಣ. ಅಲ್ಲಿ ನಿಂತವರು ಅಂಥದ್ದೊಂದು ಮುಖಕ್ಕಾಗಿಯೇ ಹುಡುಕುತ್ತಿರುತ್ತಾರೆ.