ಹಂಪಿಯಲ್ಲಿ ಕಾಲೇಜು ಹುಡುಗರಿಗೆ ವಾರಾಂತ್ಯದ ಕೆಲಸ: ಬೇಕೇ, ಬೇಡವೇ?

ಹೊಸಪೇಟೆ, ಕಮಲಾಪುರ ಸುತ್ತಿನ ಪದವಿ ವಿದ್ಯಾರ್ಥಿಗಳನ್ನು ಶನಿವಾರ, ಭಾನುವಾರ ಹಂಪಿಯ ಸ್ಮಾರಕಗಳ ಬಳಿ ನಿಲ್ಲಿಸಿ, ಬಂದವರಿಗೆ ವಿವರ ಹೇಳುವ ಕೆಲಸ ಕೊಡಬಹುದೇ? ಸಂಬಳ ಕೊಟ್ಟೇ ಎಂದಿಟ್ಟುಕೊಳ್ಳಿ. ಒಂದೊಂದು ಕಡೆಯಿಂದ ಒಂದೊಂದು ವಾದ ಇಲ್ಲಿದೆ.

ಪರ: ನಿಲ್ಲಲಿ, ಕೂಲಿ ಪಡೆದೇ ನಿಲ್ಲಲಿ

ರಜೆಯ ದಿನ ಕಮಲ ಮಹಲಿನ ಎದುರು ಅರ್ಧ ತಾಸು ನಿಂತು ಜನರನ್ನು ನೋಡಿ. ಬಸ್ಸಿಳಿದು ಬಂದವರು ಫೋಟೊ ತೆಗೆಸಿಕೊಳ್ಳುತ್ತಾರೆ, ಫಲಕದ ಮೊದಲೆರಡು ಸಾಲು ಓದುತ್ತಾರೆ, ಗಜಶಾಲೆಯತ್ತ ಹೊರಡುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಕ್ಕೆ ಗೈಡಿನ ದುಡ್ಡು ಭಾರ. ಗೈಡ್ ಹಿಡಿದವರಿಗೂ ವಿರೂಪಾಕ್ಷ, ವಿಠ್ಠಲ, ಕಲ್ಲಿನ ರಥ ಎಂದು ಒಂದೇ ದಿನದಲ್ಲಿ ಓಡಿ ಮುಗಿಸುವ ಅವಸರ. ಪಟ್ಟಾಭಿರಾಮ ಗುಡಿಯತ್ತ ತಿರುಗಿ ನೋಡುವವರು ವಿರಳ. ದಾರಿ ತಪ್ಪಿ ಅತ್ತ ಹೋದವರಿಗೆ ಹೇಳುವವರೂ ಇಲ್ಲ.

ನಾನು ಕೇಳುತ್ತಿರುವುದು ಗೈಡ್ ಕೆಲಸವನ್ನಲ್ಲ. ಒಬ್ಬ ವಿದ್ಯಾರ್ಥಿ, ಒಂದು ಜಾಗ, ನಾಲ್ಕು ತಾಸು. ಅವನು ಯಾರ ಜತೆಗೂ ಊರು ಸುತ್ತುವುದಿಲ್ಲ, ಯಾರಿಂದಲೂ ದುಡ್ಡು ಈಸಿಕೊಳ್ಳುವುದಿಲ್ಲ. ಕೇಳಿದವರಿಗೆ ಆ ಒಂದು ಜಾಗದ ಬಗ್ಗೆ ಹೇಳುತ್ತಾನೆ, ಅಷ್ಟೆ. ಒಂದೇ ಜಾಗವಾದರೆ ಚೆನ್ನಾಗಿ ಓದಿಕೊಂಡು ಬರಲೂ ಆಗುತ್ತದೆ.

ಇದಕ್ಕೆ ಇತಿಹಾಸ ಓದುವವರೇ ಆಗಬೇಕೆಂದೂ ಇಲ್ಲ. ವಿರೂಪಾಕ್ಷ ಗುಡಿಯ ಹಿಂಬದಿಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುತ್ತದಲ್ಲ, ಅದನ್ನು ಪವಾಡವೆಂದು ಕೈಮುಗಿದು ಹೋಗುವವರೇ ಹೆಚ್ಚು. ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಏಕೆ ಹಾಗೆ ಮಾಡುತ್ತದೆ ಎಂದು ಬಿ.ಎಸ್ಸಿ. ಓದುವ ಹುಡುಗಿ ಒಂದು ರಟ್ಟಿನ ಡಬ್ಬಿ ಹಿಡಿದು ತೋರಿಸಬಲ್ಲಳು. ರಾಜಾಂಗಣದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದದ್ದು. ಅದರ ಕಲ್ಲುಗಳ ಮೇಲೆ ಯಾವುದು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಗುರುತುಗಳಿವೆ. ಸಿವಿಲ್ ಡಿಪ್ಲೊಮಾ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿ ಸಿಕ್ಕೀತು? ಇನ್ನು ತುರ್ತಾ ಕಾಲುವೆ. ವಿಜಯನಗರದ ಕಾಲದ್ದು, ಇವತ್ತಿಗೂ ಬಾಳೆಗೂ ಭತ್ತಕ್ಕೂ ನೀರು ಕೊಡುತ್ತಿದೆ. ಆ ನೀರಲ್ಲೇ ಬೆಳೆದ ರೈತರ ಮಕ್ಕಳು ಅದರ ಬಗ್ಗೆ ಮಾತಾಡಿದರೆ ಹಂಪಿ ಬರಿ ಹಾಳೂರಲ್ಲ ಎಂಬುದು ಬೆಂಗಳೂರಿನವರಿಗೆ ಗೊತ್ತಾದೀತು.

2019ರ ಫೆಬ್ರವರಿಯಲ್ಲಿ ಹರಿದಾಡಿದ ವಿಡಿಯೊ ನೆನಪಿರಬೇಕು. ಗಜಶಾಲೆಯ ಹಿಂದಿನ ವಿಷ್ಣು ಗುಡಿಯಲ್ಲಿ ಯುವಕರು ಕಲ್ಲುಕಂಬ ತಳ್ಳಿ ಬೀಳಿಸಿದ್ದರು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬ ಎತ್ತಿ ನಿಲ್ಲಿಸುವ ಕೆಲಸಕ್ಕೂ ಅವರನ್ನೇ ಹಚ್ಚಿತು. ವಿದ್ಯಾರ್ಥಿಗಳು ಕಾವಲುಗಾರರಲ್ಲ, ಒಪ್ಪುತ್ತೇನೆ. ಆದರೂ ಪಕ್ಕದಲ್ಲಿ ನಿಂತು “ಇದು ಏನು ಗೊತ್ತಾ ಅಣ್ಣಾ?” ಎನ್ನುವ ಒಬ್ಬರಿದ್ದರೆ ಕಂಬಕ್ಕೆ ಕೈ ಹಚ್ಚುವವನು ಒಮ್ಮೆ ಹಿಂದೆಮುಂದೆ ನೋಡುತ್ತಾನೆ.

ಕೂಲಿಯ ವಿಷಯ. ಸ್ವಯಂಸೇವೆ ಎಂದು ಕರೆದು, ಟೋಪಿ ಹಾಕಿ, ಪ್ರಮಾಣಪತ್ರ ಕೊಟ್ಟು ಮನೆಗೆ ಕಳಿಸುವ ಚಾಳಿ ಇಲ್ಲಿ ಬೇಡ. ಈ ಹುಡುಗರಲ್ಲಿ ಎಷ್ಟೋ ಮಂದಿ ಇದೇ ಶನಿವಾರ, ಭಾನುವಾರ ಮದುವೆ ಮನೆಯಲ್ಲಿ ಊಟ ಬಡಿಸಿ ಬಸ್ ಚಾರ್ಜು, ಪರೀಕ್ಷಾ ಶುಲ್ಕ ಹೊಂದಿಸಿಕೊಳ್ಳುವವರು. ಬಿಟ್ಟಿ ಕೆಲಸವೆಂದರೆ ಉಳ್ಳವರ ಮಕ್ಕಳಷ್ಟೇ ಬರುತ್ತಾರೆ.

ವಿರೋಧ: ಕಡಿಮೆ ದುಡ್ಡಿಗೆ ಸಿಗುತ್ತಾರೆ ಎಂದು ಹುಡುಗರನ್ನು ಮುಂದೆ ತಳ್ಳಬೇಡಿ

ಗೈಡ್ ಕೆಲಸವಲ್ಲ ಎಂದರೆ ಮುಗಿಯಿತೇ? ಪುಕ್ಕಟೆ ಹೇಳುವವರು ಅಲ್ಲೇ ನಿಂತಿರುವಾಗ ದುಡ್ಡು ಕೊಟ್ಟು ಕೇಳುವವರು ಯಾರು? ಹಂಪಿಯ ಗೈಡುಗಳು ಪ್ರವಾಸೋದ್ಯಮ ಇಲಾಖೆಯ ತರಬೇತಿ ಮುಗಿಸಿ, ಗುರುತಿನ ಚೀಟಿ ಪಡೆದವರು. ದಸರೆಯಿಂದ ಫೆಬ್ರವರಿವರೆಗೆ ದುಡಿದದ್ದರಲ್ಲಿ ಉಳಿದ ತಿಂಗಳು ಕಳೆಯಬೇಕು. 2020ರಲ್ಲಿ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಅವರ ಪಾಡು ಏನಾಯಿತು ಎಂದು ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಅವರ ಗಿರಾಕಿಗಳು ಬರುವುದು ಇದೇ ಶನಿವಾರ, ಭಾನುವಾರ.

ಸೀಸನ್ನಿನ ನಡುವೆಯೇ ಸೆಮಿಸ್ಟರ್ ಪರೀಕ್ಷೆ ಬರುತ್ತದೆ. ಓದುವ ಹೊತ್ತಿಗೆ ಕೆಲಸ, ಪುರುಸೊತ್ತಿರುವ ಬೇಸಿಗೆಯಲ್ಲಿ ಸುಡುಬಂಡೆ.

ಇದೆಲ್ಲ ಹೇಗೋ ಸರಿಹೋದೀತು. ನನಗೆ ದಿಗಿಲಿರುವುದು ಬೇರೆ. ಹಂಪಿಯಲ್ಲಿ ವಿವರ ಹೇಳುವುದು ಸುಲಭವಲ್ಲ. ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳನ್ನು ಜೈನ ಬಸದಿಗಳೆಂದು ಇಂದಿಗೂ ಹೇಳುವವರಿದ್ದಾರೆ. ಅವು ಶಿವನ ಗುಡಿಗಳು. 1528ರ ನರಸಿಂಹನನ್ನು ಎಲ್ಲರೂ ಉಗ್ರನರಸಿಂಹ ಎನ್ನುತ್ತಾರೆ. ಅವನ ತೊಡೆಯ ಮೇಲೆ ಲಕ್ಷ್ಮಿ ಇದ್ದಳು, ಅವನು ಲಕ್ಷ್ಮೀನರಸಿಂಹ. ಇಂಥ ತಪ್ಪನ್ನು ಒಂದು ವಾರದ ತರಬೇತಿಯಲ್ಲಿ ತಿದ್ದಬಹುದು. 1565ನ್ನು ಏನು ಮಾಡುತ್ತೀರಿ?

ಆ ವರ್ಷ ವಿಜಯನಗರ ದಕ್ಕನ್ನಿನ ಸುಲ್ತಾನರಿಗೆ ಸೋತ ರಕ್ಕಸತಂಗಡಿ ಯುದ್ಧದ ಪ್ರಶ್ನೆ ಬಂದೇ ಬರುತ್ತದೆ. ಹಂಪಿಯನ್ನು ಯಾರು ಒಡೆದರು, ಏಕೆ ಒಡೆದರು ಎಂದು ಕೇಳುವವರಲ್ಲಿ ಅನೇಕರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹುಡುಗ ಅದನ್ನೇ ಹೇಳಲಿ ಎಂದು ಕಾಯುತ್ತಾರೆ. ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ಅದಕ್ಕೆ ಮುಂಚೆ ಒಬ್ಬ ಸುಲ್ತಾನನ ಜತೆ ಸೇರಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋಗಿದ್ದ, ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರೂ ಇದ್ದರು, ಗಜಶಾಲೆಯ ಗುಮ್ಮಟಗಳನ್ನು ಕಟ್ಟಿಸಿದ್ದು ಇದೇ ಅರಸೊತ್ತಿಗೆ ಎಂದು ಹತ್ತೊಂಬತ್ತು ವರ್ಷದ ಹುಡುಗ ಹೇಳಿದ ಅಂದುಕೊಳ್ಳಿ. ಎದುರಿಗೆ ಹತ್ತು ಮೊಬೈಲು. ಅರ್ಧ ನಿಮಿಷದ ತುಣುಕು ಸಂಜೆಯೊಳಗೆ ಜಿಲ್ಲೆಯೆಲ್ಲ ಸುತ್ತಿ, ರಾತ್ರಿ ಅವನ ಮನೆಗೆ ಫೋನು ಬರುತ್ತದೆ. ಅನುಭವಿ ಗೈಡಿಗೆ ಇಂಥವರನ್ನು ನಗಿಸಿ ಮುಂದಿನ ಮಂಟಪಕ್ಕೆ ಕರೆದೊಯ್ಯುವ ಕಲೆ ಗೊತ್ತು. ಈ ಹುಡುಗನಿಗೆ ಒಂದೇ ಜಾಗ, ನಾಲ್ಕು ತಾಸು. ಅಲ್ಲಿಂದ ಕದಲುವಂತೆಯೂ ಇಲ್ಲ. ಪರವಾದಿಗಳು ಗುಣವೆಂದು ಎಣಿಸಿದ್ದೇ ಅವನಿಗೆ ಉರುಳು.

ಆಗ ಅವನ ಪರ ನಿಲ್ಲುವವರು ಯಾರು? ಹಂಪಿಯಲ್ಲಿ ಪುರಾತತ್ವ ಸರ್ವೇಕ್ಷಣೆ ಇದೆ, ರಾಜ್ಯದ ಪುರಾತತ್ವ ಇಲಾಖೆ ಇದೆ, ಪ್ರವಾಸೋದ್ಯಮ ಇದೆ, ವಿಶ್ವ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರ ಇದೆ, ವಿರೂಪಾಕ್ಷನಿಗೆ ಮುಜರಾಯಿಯೂ ಇದೆ. ಹುಡುಗ ಕಲ್ಲಿನಿಂದ ಜಾರಿ ಕಾಲು ಮುರಿದುಕೊಂಡರೂ ಅರ್ಜಿ ಇಷ್ಟೂ ಕಚೇರಿ ಸುತ್ತಿ ಬರುತ್ತದೆ.

ಗಂಟೆ ಲೆಕ್ಕದ ಕೆಲಸ ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ಅತಿಥಿ ಉಪನ್ಯಾಸಕರು ಸರ್ಕಾರಿ ಪದವಿ ಕಾಲೇಜುಗಳನ್ನು ವರ್ಷಗಟ್ಟಲೆ ಹೊತ್ತು, ಕಾಯಂ ಮಾಡಿ ಎಂದು ಬೀದಿಗಿಳಿದು ಕೂತದ್ದನ್ನು ಈ ವಿದ್ಯಾರ್ಥಿಗಳೇ ಕಂಡಿದ್ದಾರೆ. ತಾತ್ಕಾಲಿಕವಾಗಿ ಜನ ಸಿಗುತ್ತಾರೆ ಎಂದಾದ ಮೇಲೆ ಪೂರ್ಣ ಹುದ್ದೆಗೆ ದುಡ್ಡು ಇಡುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಹುಡುಗರಿಗೆ ಕೆಲಸ ಕೊಡಲೇಬೇಡಿ ಎನ್ನುತ್ತಿಲ್ಲ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಶಾಲಾ ಮಕ್ಕಳ ತಂಡಗಳನ್ನು ನಡೆಸಲಿ, ಜತೆಗೆ ಒಬ್ಬ ಅಧಿಕಾರಿ ಇರಲಿ. ಊರ ಹಿರಿಯರಿಂದ ಕಾಲುವೆಗಳ ಹೆಸರು, ತೂಬುಗಳ ಹೆಸರು ಬರೆದುಕೊಳ್ಳಲಿ. ತುರ್ತಾ ಕಾಲುವೆಯ ಬಗ್ಗೆ ಪರವಾದಿಗಳು ಹೇಳಿದ್ದು ನನಗೂ ಹಿಡಿಸಿತು. ಅನುಭವಿ ಗೈಡಿನ ಜತೆ ಒಂದು ಸೀಸನ್ ತಿರುಗಲಿ, ಕಲಿಸಿದ್ದಕ್ಕೆ ಗೈಡಿಗೂ ಕಲಿತದ್ದಕ್ಕೆ ಹುಡುಗನಿಗೂ ಸಂಬಳ ಸಿಗಲಿ. ಆದರೆ ಪಟ್ಟಾಭಿರಾಮ ಗುಡಿಯಲ್ಲಿ ಒಬ್ಬಳೇ ಹುಡುಗಿಯನ್ನು ನಿಲ್ಲಿಸುವ ಮಾತಾಡುವವರು ಮೊದಲು ಎರಡು ಉತ್ತರ ಕೊಡಲಿ: ಆ ನಾಲ್ಕು ತಾಸಿನಲ್ಲಿ ಅವಳು ಶೌಚಾಲಯಕ್ಕೆ ಎಲ್ಲಿಗೆ ಹೋಗಬೇಕು, ಕತ್ತಲಾಗುವ ಮುಂಚೆ ಅವಳ ಊರಿಗೆ ಬಸ್ಸು ಎಷ್ಟು ಗಂಟೆಗಿದೆ?