ಹಾಡುವ ಇಲಿ: ಬಣ್ಣ ಬೇರೆಯಾದರೆ ಜಾತಿ ಬೇರೆಯೇ?

ಫೋಟೊಗಳಲ್ಲಿ ಬಣ್ಣ ಬೇರೆ ಬೇರೆ ಕಾಣುವುದರಿಂದ, ಮಧ್ಯ ಅಮೆರಿಕದ ಹಾಡುವ ಇಲಿ ಬೆಟ್ಟಕ್ಕೊಂದು ಜಾತಿ ಎಂಬ ಮಾತು ಓಡಾಡುತ್ತಿದೆ. ಅದು ಸರಿಯಲ್ಲ.

ಈ ಇಲಿಗಳು ಸೇರುವ ಸ್ಕೊಟಿನೊಮಿಸ್ ಕುಲದಲ್ಲಿ ಈಗ ಒಪ್ಪಿರುವುದು ಎರಡೇ ಜಾತಿ: ಟೆಗ್ವಿನಾ ಮತ್ತು ಕ್ಸೆರಂಪೆಲಿನಸ್. ಟೆಗ್ವಿನಾವನ್ನು 1877ರಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಸ್ಟನ್ ಮೊದಲು ವಿವರಿಸಿದರು. ಇದು ದಕ್ಷಿಣ ಮೆಕ್ಸಿಕೋದಿಂದ ಪಶ್ಚಿಮ ಪನಾಮದವರೆಗೂ ಇದೆ. ಅಷ್ಟು ದೂರದಲ್ಲಿ ಮೈಬಣ್ಣ, ಗಾತ್ರ ಒಂದಿಷ್ಟು ಬದಲಾಗದೆ ಇರುತ್ತಾ? ಅದನ್ನೇ ಉಪಜಾತಿ ಎನ್ನುತ್ತಾರೆ, ಹೊಸ ಜಾತಿ ಅಲ್ಲ.

ನಿಜವಾಗಿ ಬೇರೆಯದು ಕ್ಸೆರಂಪೆಲಿನಸ್. ಕೋಸ್ಟರಿಕಾ, ಪನಾಮದ ಬೆಟ್ಟಗಳಲ್ಲಿ ಇನ್ನೂ ಮೇಲೆ, ತಂಪು ಜಾಗದಲ್ಲಿ ಇರುತ್ತದೆ. ಗಾತ್ರವೂ ತುಸು ಜಾಸ್ತಿ. ಇದರ ಹಾಡು ಕೇಳಿದರೆ ಸಾಕು, ಟೆಗ್ವಿನಾ ತನ್ನ ಹಾಡು ನಿಲ್ಲಿಸಿ ಜಾಗ ಖಾಲಿ ಮಾಡುತ್ತದೆ! 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಕಂಡುಬಂತು. ಫೋಟೊದಲ್ಲಿನ ಬಣ್ಣ ನೋಡಿ ಸುಮ್ನೆ ಹೊಸ ಹೆಸರು ಇಡುವುದಕ್ಕಿಂತ ಈ ಜಗಳವೇ ನನಗೆ ಸ್ವಾರಸ್ಯ.